ಕದನ ಗಡಿಯಲ್ಲಿ, ಗಡುವು ಮನೆಯಲ್ಲಿ

ಯಕ್ಷಗಾನದ ಸುಧನ್ವ ರಣರಂಗಕ್ಕೆ ತಡವಾಗಿ ಬಂದವನು. ತಡವೆಂದರೆ ಹೆಚ್ಚೇನಲ್ಲ, ಒಂದು ರಾತ್ರಿ. ಅಶ್ವಮೇಧದ ಕುದುರೆ ಚಂಪಕಾಪುರದ ಗಡಿ ದಾಟಿ ಬಂದಿದೆ, ಬೆನ್ನಿಗೇ ಅರ್ಜುನನ ಸೈನ್ಯವಿದೆ. ಅಪ್ಪ, ಅಲ್ಲಿಯ ರಾಜ ಹಂಸಧ್ವಜ ಊರಿಡೀ ಡಂಗುರ ಹೊಡೆಸಿದ್ದಾನೆ: ಹೊತ್ತಿಗೆ ಸರಿಯಾಗಿ ಬಾರದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಲಾಗುವುದು. ಸುಧನ್ವ ತಾಯಿಯ ಅಪ್ಪಣೆ ಪಡೆದು ಹೊರಟು ನಿಂತಾಗ ಹೆಂಡತಿ ಪ್ರಭಾವತಿ ಅಡ್ಡ ಬರುತ್ತಾಳೆ. ಹೋದವರು ತಿರುಗಿ ಬರುವ ಖಾತ್ರಿಯಿಲ್ಲ, ನನಗಿನ್ನೂ ಮಗುವಿಲ್ಲ, ಇದೊಂದು ರಾತ್ರಿ ನನ್ನದು ಎನ್ನುತ್ತಾಳೆ.

ಕರಾವಳಿಯ ಯಕ್ಷಗಾನದ ಆಟದಲ್ಲಾಗಲಿ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಾಗಲಿ ಜನ ಕಿವಿಗೊಟ್ಟು ಕೂರುವುದು ಈ ಸಂವಾದಕ್ಕೆ. ಮುಂದೆ ಅರ್ಜುನನೊಡನೆ ನಡೆಯುವ ಕಾಳಗಕ್ಕೆ ಚೆಂಡೆಯ ಅಬ್ಬರ ಇದೆ, ಕುಣಿತ ಇದೆ. ಆದರೆ ಮನಸ್ಸನ್ನು ಹಿಂಡುವುದು ಹೊಸ್ತಿಲಲ್ಲಿ ನಡೆಯುವ ಈ ಮಾತುಕತೆ. ಯಾಕೆಂದು ಬಿಡಿಸಿ ನೋಡಿದರೆ, ಯುದ್ಧದ ಕಥೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದರ ಮುಕ್ಕಾಲು ಪಾಲು ಇಲ್ಲೇ ಸಿಗುತ್ತದೆ.

ಇಲ್ಲಿ ಮೂವರಿದ್ದಾರೆ, ಮೂವರ ಮಾತೂ ನ್ಯಾಯವೇ. ತನ್ನ ಮಗನಿಗೆಂದು ನಿಯಮ ಸಡಿಲಿಸಿದರೆ ಉಳಿದ ಸಾವಿರ ಮನೆಗಳ ಮಕ್ಕಳ ಎದುರು ಹಂಸಧ್ವಜ ಮುಖವೆತ್ತುವಂತಿಲ್ಲ. ಪ್ರಭಾವತಿ ಕೇಳುತ್ತಿರುವುದು ತನ್ನ ಮುಂದಿನ ಇಡೀ ಬದುಕಿಗೆ ಒಂದು ಆಸರೆಯನ್ನು. ಸುಧನ್ವನ ಮೇಲೆ ರಾಜಾಜ್ಞೆಯೂ ಇದೆ, ಗಂಡನಾದವನ ಧರ್ಮವೂ ಇದೆ. ಪ್ರಭಾವತಿಯನ್ನು ಬರಿಯ ಶೃಂಗಾರಕ್ಕೆ ಇಳಿಸಿ, ಕರ್ತವ್ಯಕ್ಕೆ ಅಡ್ಡಬಂದ ಹೆಣ್ಣೆಂದು ತೋರಿಸಿದ ಅರ್ಥಗಾರಿಕೆಯಲ್ಲಿ, ಅಂದರೆ ಕಲಾವಿದರು ಆಡುವ ಮಾತಿನಲ್ಲಿ, ಪ್ರಸಂಗ ಅಲ್ಲೇ ಸೊರಗುತ್ತದೆ. ಅವಳ ವಾದ ಗಂಡನ ವಾದಕ್ಕೆ ಸರಿಸಾಟಿಯಾಗಿ ನಿಂತ ದಿನ ಸಭೆ ಉಸಿರು ಬಿಗಿಹಿಡಿಯುತ್ತದೆ. ಕಥೆ ಬರೆಯುವವರಿಗೂ ಇದೇ ಮೊದಲ ಪಾಠ. ಸೈನಿಕನನ್ನು ತಡೆಯುವ ತಾಯಿಯೋ ಹೆಂಡತಿಯೋ ಕಥೆಯಲ್ಲಿ ತಪ್ಪಿತಸ್ಥಳಾಗಿ ಕಂಡರೆ, ಕುಟುಂಬದ ಬಿರುಕು ಓದುಗರಿಗೆ ತಟ್ಟುವುದೇ ಇಲ್ಲ.

ಇನ್ನೊಂದು ಸಂಗತಿ. ಪ್ರಭಾವತಿಗೆ ಮಗು ಬೇಕೆಂಬ ಆಸೆ ಅಂದು ಹುಟ್ಟಿದ್ದಲ್ಲ. ಯುದ್ಧ ಆ ಆಸೆಗೊಂದು ಗಡುವು ಹಾಕಿತು, ಅಷ್ಟೆ. ಶಾಂತಿಯ ಕಾಲದಲ್ಲಿ ಮನೆಗಳು ನಡೆಯುವುದೇ ಮುಂದೂಡಿಕೆಯ ಮೇಲೆ. ಆಸ್ತಿ ಪಾಲು, ತಂಗಿಯ ಮದುವೆ, ತಂದೆ ಮಗನ ಮುನಿಸು, ಹೇಳದೇ ಉಳಿದ ಗುಟ್ಟು ಎಲ್ಲವನ್ನೂ ‘ನೋಡುವ, ಈ ಮಳೆಗಾಲ ಕಳೆಯಲಿ’ ಎಂದು ಇಪ್ಪತ್ತು ವರ್ಷ ದೂಡಬಹುದು. ಯುದ್ಧ ಆ ‘ನೋಡುವ’ ಎಂಬ ಮಾತನ್ನು ಕಿತ್ತುಕೊಳ್ಳುತ್ತದೆ. ಇಪ್ಪತ್ತು ವರ್ಷ ತಡೆದುಕೊಂಡಿದ್ದನ್ನು ಎರಡೇ ದಿನದಲ್ಲಿ ತೀರ್ಮಾನಿಸಬೇಕಾಗಿ ಬಂದಾಗ ಮನುಷ್ಯರು ಆಡುವ ಮಾತು, ತೆಗೆದುಕೊಳ್ಳುವ ನಿರ್ಧಾರ ಮತ್ತು ಆಮೇಲೆ ಬದುಕಿಡೀ ಅದರ ಭಾರ ಹೊರುವ ಬಗೆ, ಇದಿಷ್ಟು ಯುದ್ಧಕಥೆಯ ವಸ್ತು. ಫಿರಂಗಿಯ ಸದ್ದು ಕೇಳದೆಯೂ ಒಳ್ಳೆಯ ಯುದ್ಧಕಥೆ ಬರೆಯಬಹುದು. ಗಡುವಿನ ಸದ್ದು ಮಾತ್ರ ಕೇಳಲೇಬೇಕು.

ಗಡುವು ಎರಡನೆಯದೊಂದು ಕೆಲಸವನ್ನೂ ಮಾಡುತ್ತದೆ. ಅದು ಸತ್ಯವನ್ನು ಆಯುಧವಾಗಿಸುತ್ತದೆ. ಕರ್ಣಭೇದನ ಪ್ರಸಂಗವನ್ನು ನೆನೆಯಿರಿ. ಕರ್ಣನ ಹುಟ್ಟಿನ ಗುಟ್ಟು ಕುಂತಿಗೆ ಅವನು ಹುಟ್ಟಿದಂದಿನಿಂದ ಗೊತ್ತು. ಅಸ್ತ್ರವಿದ್ಯೆಯ ಪ್ರದರ್ಶನದ ದಿನ ಅವನನ್ನು ಸೂತಪುತ್ರನೆಂದು ಹೀಗಳೆದಾಗಲೂ ಅವಳು ಬಾಯಿ ಬಿಡಲಿಲ್ಲ. ಸಂಧಾನ ಮುರಿದು ಯುದ್ಧ ನಿಶ್ಚಯವಾದ ಮೇಲಷ್ಟೇ ಕೃಷ್ಣ ಕರ್ಣನನ್ನು ಏಕಾಂತಕ್ಕೆ ಕರೆದು ಹೇಳುತ್ತಾನೆ, ಆಮೇಲೆ ತಾಯಿಯೂ ಬರುತ್ತಾಳೆ. ಕರ್ಣ ಬಯಸಿದ ಮಾತು ಕೊನೆಗೂ ಬಂತು, ಆದರೆ ಬಂದ ಹೊತ್ತು ಎಂಥದು! ತಾಯಿಯ ಪ್ರೀತಿ ಮತ್ತು ತಾಯಿಯ ಬೇಡಿಕೆ ಒಂದೇ ಉಸಿರಿನಲ್ಲಿ ಬಂದಾಗ ಯಾವುದು ಯಾವುದೆಂದು ಬೇರ್ಪಡಿಸಲು ಅವನಿಂದಾಗುವುದಿಲ್ಲ. ನಮ್ಮ ಕನ್ನಡ ಪರಂಪರೆಯಲ್ಲಿ ಕುಂತಿ, ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡಬೇಡ ಎಂಬ ಭಾಷೆಯನ್ನೂ ಪಡೆದೇ ಮರಳುತ್ತಾಳೆ. ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ, ನಿನಗೆ ಐವರು ಮಕ್ಕಳು ಉಳಿದೇ ಉಳಿಯುತ್ತಾರೆ ಎಂದು ಕರ್ಣ ಲೆಕ್ಕ ಒಪ್ಪಿಸುತ್ತಾನೆ. ತಾಯಿ ಮಗನ ನಡುವೆ ಮೊದಲ ಸಲ ಮನಬಿಚ್ಚಿದ ಮಾತು ನಡೆದದ್ದು ಹೆಣದ ಲೆಕ್ಕದಲ್ಲಿ.

ಇಂದಿನ ಕಥೆಯಲ್ಲಿ ಗುಟ್ಟು ಬೇರೆ ಇರುತ್ತದೆ. ದತ್ತು ಬಂದ ಮಗು, ಮುಂಬಯಿಯಲ್ಲಿ ಇನ್ನೊಂದು ಸಂಸಾರ, ಅಣ್ಣನ ಓದಿಗೆಂದು ತಮ್ಮನ ಹೆಸರಲ್ಲಿ ಮಾಡಿದ ಸಾಲ. ಯುದ್ಧಕ್ಕೆ ಹೊರಟವನ ಮುಂದೆ ಅದು ಹೊರಬೀಳುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಹೇಳುವುದರಿಂದ ಹೇಳಿದವರಿಗೆ ಏನು ಸಿಗುತ್ತದೆ? ಏನೂ ಸಿಗದಿದ್ದರೆ ಅದು ಓದುಗರಿಗೆ ಬರಿಯ ಮಾಹಿತಿಯಾಗಿ ಉಳಿಯುತ್ತದೆ. ಏನಾದರೂ ಸಿಗುವಂತಿದ್ದರೆ ಕೇಳಿದವನ ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ, ಸಂಬಂಧ ಬಿರಿಯಲು ಅಷ್ಟು ಸಾಕು.

ಬಭ್ರುವಾಹನನ ಕಥೆಯಲ್ಲಿ ಯುದ್ಧದ ನೀತಿಯೇ ಮನೆಯ ಅಳತೆಗೋಲಾಗಿಬಿಡುತ್ತದೆ. ಕಾಣಿಕೆ ಹಿಡಿದು ಅಪ್ಪನನ್ನು ಎದುರುಗೊಳ್ಳಲು ಬಂದ ಮಗನನ್ನು ಅರ್ಜುನ ಹೇಡಿಯೆಂದು ಜರೆಯುತ್ತಾನೆ. ನನ್ನ ಮಗನಾಗಿದ್ದರೆ ಕುದುರೆ ಕಟ್ಟಿ ಕಾದುತ್ತಿದ್ದೆ ಎಂಬುದು ಅಪ್ಪನ ತರ್ಕ. ಸೇನೆಯಿಂದ ನಿವೃತ್ತನಾದ ತಂದೆ, ಆ ದಾರಿ ಹಿಡಿಯದ ಮಗ ಇರುವ ಯಾವ ಮನೆಗಾದರೂ ಈ ಕಥೆ ಹೊಂದುತ್ತದೆ.

ನಮ್ಮ ಕಡೆಯ ಮನೆ ಬೇರೆ

ಮೇಲಿನವೆಲ್ಲ ಅಪ್ಪನಿಂದ ಮಗನಿಗೆ ಹರಿಯುವ ಕುಟುಂಬದ ಕಥೆಗಳು. ಮಂಗಳೂರು, ಉಡುಪಿಯ ಕಥೆ ಬರೆಯುವವರು ಇಲ್ಲೊಮ್ಮೆ ನಿಲ್ಲಬೇಕು. ಬಂಟ, ಬಿಲ್ಲವ, ಮೊಗವೀರ ಮುಂತಾದ ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟಿನಲ್ಲಿ ಕುಟುಂಬವೆಂದರೆ ತಾಯಿ, ತಾಯಿಯ ಸೋದರರು, ಸೋದರಿಯರು, ಸೋದರಿಯರ ಮಕ್ಕಳು. ಗಂಡಸಿನ ಉತ್ತರಾಧಿಕಾರಿ ಅವನ ಮಗನಾಗಿರಲಿಲ್ಲ, ಅಕ್ಕತಂಗಿಯರ ಮಗನಾಗಿದ್ದ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಈ ಪದ್ಧತಿಗೆ ಲಿಖಿತ ರೂಪ ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಂ ಬಂದ ಮೇಲೆ ಕುಟುಂಬದ ಆಸ್ತಿಯಲ್ಲಿ ಸತ್ತವನ ಭಾಗ ಅವನ ಹೆಂಡತಿ ಮಕ್ಕಳ ಕಡೆಗೂ ಹರಿಯತೊಡಗಿತು.

ಎರಡನೇ ಮಹಾಯುದ್ಧದ ಕಾಲದ ಒಂದು ಕಥೆಯನ್ನು ಈ ನೆಲದ ಮೇಲೆ ನಿಲ್ಲಿಸಿ ನೋಡಿ. ಸತ್ತ ಸೈನಿಕನ ಹೆಂಡತಿ ತನ್ನ ತಾಯಿಮನೆಯಲ್ಲಿದ್ದಾಳೆ, ಮಕ್ಕಳೂ ಆ ಕುಟುಂಬಕ್ಕೆ ಸೇರಿದವರು. ಸರ್ಕಾರದ ಕಾಗದ ಹುಡುಕುವುದು ಹೆಂಡತಿಯ ಹೆಸರನ್ನು. ಅವನು ಬಿಟ್ಟುಹೋದ ಜಾಗ ಖಾಲಿಯಾದದ್ದು ಮಾತ್ರ ಅವನ ತಾಯಿಯ ಮನೆಯಲ್ಲಿ. ಯಜಮಾನಿಕೆಗೆ ನಿಲ್ಲಬೇಕಿದ್ದವನು ಹೋದ, ತಂಗಿಯ ಮಕ್ಕಳಿಗೆ ತಮ್ಮಲೆ, ಅಂದರೆ ಸೋದರಮಾವ, ಇಲ್ಲವಾದ. ಹಣ ಒಂದು ಮನೆಗೆ ಬಂತು, ಬೊಜ್ಜದ (ಉತ್ತರಕ್ರಿಯೆಯ) ಹೊಣೆ ಇನ್ನೊಂದು ಮನೆಗೆ ಬಿತ್ತು. ಅತ್ತೆ ಸೊಸೆ ಒಂದೇ ಸೂರಿನಡಿ ಅಳುವ ದೃಶ್ಯವನ್ನು ಬೇರೆ ಸೀಮೆಯ ಕಥೆಯಿಂದ ಎತ್ತಿ ತಂದು ಇಲ್ಲಿಟ್ಟರೆ ಸುಳ್ಳಾಗುವುದು ಇದಕ್ಕೇ. ಉಳ್ಳಾಲದ ಅಬ್ಬಕ್ಕ ಮತ್ತು ಮಂಗಳೂರಿನ ಬಂಗರಸನ ದಾಂಪತ್ಯ ಪೋರ್ಚುಗೀಸರ ಎದುರು ಎರಡು ಪಕ್ಷವಾಗಿ ಒಡೆಯಲು ಸಾಧ್ಯವಾದದ್ದೂ ಈ ಕಟ್ಟಿನಿಂದ. ಹೆಂಡತಿಗೆ ತನ್ನದೇ ಸೀಮೆ, ತನ್ನದೇ ಗದ್ದುಗೆ ಇತ್ತು. ಮದುವೆ ಎರಡು ಮನೆತನಗಳನ್ನು ಒಂದಾಗಿ ಕರಗಿಸಿರಲಿಲ್ಲ.

ತಾರೀಕು ಜೋಡಿಸುವ ಕೆಲಸ

ಗಡುವು ಕಥೆಯಲ್ಲಿ ಕೆಲಸ ಮಾಡಬೇಕಾದರೆ ಅದು ಕ್ಯಾಲೆಂಡರಿನಲ್ಲಿ ನಿಲ್ಲಬೇಕು. ಒಂದು ಕಥೆಯನ್ನು ಕಟ್ಟಿಯೇ ತೋರಿಸಿದರೆ ಇದು ಸ್ಪಷ್ಟವಾಗುತ್ತದೆ.

1971ರ ಡಿಸೆಂಬರ್. ಕಟಪಾಡಿ ಕಡೆಯ ಒಂದು ಮನೆ. ಮಗ ಸಿಪಾಯಿ, ಪಂಜಾಬಿನ ಗಡಿಯ ಘಟಕದವನು, ತಂಗಿಯ ಮದುವೆಗೆಂದು ರಜೆಯಲ್ಲಿ ಬಂದಿದ್ದಾನೆ. ಮದುವೆ 12ರ ಭಾನುವಾರ. ಅದನ್ನು ಸುಲಭಕ್ಕೆ ಮುಂದೂಡುವಂತಿಲ್ಲ, ಡಿಸೆಂಬರ್ ನಡುವಿಗೆ ಧನುರ್ಮಾಸ ಹಿಡಿಯುತ್ತದೆ. ಆಮೇಲೆ ಮಕರ ಸಂಕ್ರಮಣ ಕಳೆಯದೆ ಮದುವೆಯಿಲ್ಲ. 3ರ ಶುಕ್ರವಾರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಮರುದಿನ ಶನಿವಾರ ಟೆಲಿಗ್ರಾಂ: ರಜೆ ರದ್ದು, ಕೂಡಲೇ ಹಾಜರಾಗು.

ಈಗ ಪ್ರಯಾಣದ ಲೆಕ್ಕ. ಉಡುಪಿಗೆ ಆಗ ರೈಲಿಲ್ಲ. ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಕೇರಳದ ಮೂಲಕ ಸುತ್ತಿ ಮದ್ರಾಸು, ಮದ್ರಾಸಿನಿಂದ ದೆಹಲಿ, ಮತ್ತೆ ಪಠಾಣ್‌ಕೋಟೆ. ಏನಿಲ್ಲವೆಂದರೂ ನಾಲ್ಕು ದಿನ. 5ರಂದು ಹೊರಟರೆ 9ಕ್ಕೆ ಮುಟ್ಟುತ್ತಾನೆ, ಯುದ್ಧದ ಕಾವು ಏರಿದ ಹೊತ್ತಿಗೆ. ಮದುವೆ ಮುಗಿಸಿ 13ರಂದು ಹೊರಟರೆ ಮುಟ್ಟುವುದು 17ಕ್ಕೆ. ಢಾಕಾದಲ್ಲಿ ಶರಣಾಗತಿ ಆದದ್ದು 16ರಂದು, ಪಶ್ಚಿಮದ ಗಡಿಯಲ್ಲಿ ಕದನವಿರಾಮ ಜಾರಿಯಾದದ್ದು 17ರ ರಾತ್ರಿ 8 ಗಂಟೆಗೆ.

ಈ ಎರಡು ತಾರೀಕುಗಳ ನಡುವಿನ ಅಂತರದಲ್ಲಿ ಕಥೆ ಇದೆ. ಡಿಸೆಂಬರ್ 4ರಂದು ಆ ಮನೆಯವರಿಗೆ ಯುದ್ಧ ಹದಿಮೂರು ದಿನದ್ದೆಂದು ತಿಳಿಯದು. ಮೂರು ತಿಂಗಳೂ ಆಗಬಹುದು, ಮೂರು ವರ್ಷವೂ ಆಗಬಹುದು. ಆದರೆ 18ರಿಂದ ಆಚೆಗೆ, ಬದುಕಿಡೀ, ಅವರು ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಾರೆ. ಒಂದು ವಾರ ತಡೆದಿದ್ದರೆ? ಆ ವಾರ ತಡೆಯುವುದು ಅಷ್ಟು ಸುಲಭವಿರಲಿಲ್ಲ ಎಂಬುದನ್ನೂ ಕಥೆ ತೋರಿಸಬೇಕು. 1950ರ ಸೇನಾ ಕಾಯ್ದೆಯ 39ನೇ ಕಲಂ ಪ್ರಕಾರ ರಜೆ ಮೀರಿ ಉಳಿದವನಿಗೆ 3 ವರ್ಷದವರೆಗೆ ಸೆರೆ. ಯುದ್ಧಸೇವೆಯ ಆದೇಶವಿದ್ದಾಗ ಪಲಾಯನವೆಂದು ಸಾಬೀತಾದರೆ 38ನೇ ಕಲಂ ಅಡಿಯಲ್ಲಿ ಮರಣದಂಡನೆಯವರೆಗೂ ಹೋಗಬಹುದು. ಎಣ್ಣೆಯ ಕೊಪ್ಪರಿಗೆ ಈಗ ಕಾಗದದ ಮೇಲಿದೆ.

ಇಷ್ಟಾದರೂ ಇದು ಇನ್ನೂ ಸನ್ನಿವೇಶ, ಕಥೆ ಆಗಿಲ್ಲ. ಕಥೆ ಆಗಲು ಯಾರಾದರೂ ಏನನ್ನಾದರೂ ಮಾಡಬೇಕು. ಟೆಲಿಗ್ರಾಂ ತಂದ ಪೋಸ್ಟ್‌ಮ್ಯಾನಿನ ಕೈಯಿಂದ ಅದನ್ನು ತೆಗೆದುಕೊಂಡವಳು ತಂಗಿ ಎಂದಿಟ್ಟುಕೊಳ್ಳಿ. ಅಣ್ಣ ಗದ್ದೆಯ ಕಡೆ ಹೋಗಿದ್ದಾನೆ, ಮಳೆಗಾಲದ ಏಣೆಲು ಬೆಳೆ ಮುಗಿದು ಸುಗ್ಗಿ ಬೆಳೆಯ ಉಳುಮೆ ನಡೆದಿದೆ. ಅವಳು ಆ ಕಾಗದವನ್ನು ಮಡಚಿ ಚಾವಡಿಯ ಮೂಲೆಯಲ್ಲಿ ಪೇರಿಸಿಟ್ಟ ಅಕ್ಕಿಮುಡಿಗಳ ಸಂದಿಗೆ, ಬೈಹುಲ್ಲಿನ ಹೆಣಿಗೆಯೊಳಗೆ ತುರುಕುತ್ತಾಳೆ. ಮದುವೆಯೂಟಕ್ಕೆಂದು ತೆಗೆದಿರಿಸಿದ ಮುಡಿ ಅದು. ರಾತ್ರಿ ಎಲ್ಲರೂ ಗಂಜಿ ಉಣ್ಣುತ್ತಾರೆ, ಅಣ್ಣ ಚಪ್ಪರದ ಕಂಬದ ಮಾತು ಆಡುತ್ತಾನೆ. ಅವಳು ಮೂಲೆಯ ಕಡೆ ನೋಡುವುದಿಲ್ಲ. ಭಾನುವಾರ ಬೆಳಿಗ್ಗೆ ಕಾಗದವನ್ನು ತೆಗೆದು, ಈಗಷ್ಟೇ ಬಂದದ್ದೆಂದು ಅವನ ಕೈಗಿಡುತ್ತಾಳೆ.

ಒಂದೇ ರಾತ್ರಿ. ಪ್ರಭಾವತಿ ಕೇಳಿ ಪಡೆದದ್ದನ್ನು ಇವಳು ಕೇಳದೆ ತೆಗೆದುಕೊಂಡಳು. ಅವನು 9ಕ್ಕೆ ಮುಟ್ಟಬೇಕಾದವನು 10ಕ್ಕೆ ಮುಟ್ಟಿದ, ಅವನ ತುಕಡಿ ಹಿಂದಿನ ದಿನವೇ ಮುಂದಕ್ಕೆ ಸಾಗಿತ್ತು, ಅವನನ್ನು ಇನ್ನೊಂದು ತುಕಡಿಗೆ ಸೇರಿಸಿದರು, ಅಲ್ಲಿ ಅವನು ಸತ್ತ. ಆ ಒಂದು ದಿನವೇ ಅವನನ್ನು ಕೊಂದಿತೋ, ಹೇಗೂ ಸಾಯುತ್ತಿದ್ದನೋ? ಎರಡಕ್ಕೂ ಸಾಕ್ಷಿಯಿಲ್ಲದಂತೆ ಬರೆಯಬೇಕು. ಸಾಕ್ಷಿ ಇರುವ ತಪ್ಪಿಗೆ ಪ್ರಾಯಶ್ಚಿತ್ತವಿದೆ, ಅತ್ತು ಹಗುರಾಗಬಹುದು. ಸಾಕ್ಷಿಯಿಲ್ಲದ ತಪ್ಪನ್ನು ಯಾರೆದುರು ಒಪ್ಪಿಕೊಳ್ಳುವುದು? ಅವಳು ಅದನ್ನು ಗಂಡನ ಮನೆಗೆ ಹೊತ್ತುಕೊಂಡು ಹೋಗುತ್ತಾಳೆ. ಅಮ್ಮ ಪ್ರತಿ ಡಿಸೆಂಬರಿನಲ್ಲಿ ‘ಒಂದು ವಾರ ತಡೆದಿದ್ದರೆ’ ಎನ್ನುವಾಗ ಮಗಳು ಏಕೆ ಎದ್ದು ಒಳಗೆ ಹೋಗುತ್ತಾಳೆಂದು ಅಮ್ಮನಿಗೆ ತಿಳಿಯುವುದಿಲ್ಲ.

ಇಂಥ ಕಥೆಯಲ್ಲಿ ಕಾಲದ ವಿವರ ತಪ್ಪಿದರೆ ಲೆಕ್ಕವೇ ಕುಸಿಯುತ್ತದೆ. ಸಾಮಾನ್ಯವಾಗಿ ಜಾರುವ ಕಡೆಗಳಿವು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. 1971ರ ಕಾಗದದಲ್ಲಿ ದಕ್ಷಿಣ ಕನ್ನಡ ಎಂದೇ ಇರಬೇಕು. 1956ಕ್ಕಿಂತ ಮೊದಲಿನ ಕಥೆಯಾದರೆ ನಮ್ಮ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು, ಮೈಸೂರಿನ ಹೆಸರು ಸಲ್ಲದು. ಮಂಗಳೂರಿನಿಂದ ಹಾಸನದ ಕಡೆ ರೈಲು ಹಳಿ ಬಂದದ್ದು 1979ರಲ್ಲಿ, ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರಲ್ಲಿ. ಮಂಗಳೂರು ಆಕಾಶವಾಣಿ 1976ರದು. ಹಾಗಾಗಿ ಬಾಂಗ್ಲಾ ಯುದ್ಧದ ವಾರ್ತೆಯನ್ನು ಕಥೆಯ ಮನೆಯವರು ದೂರದ ನಿಲಯದಿಂದ, ಗೊರಗೊರ ಸದ್ದಿನ ನಡುವೆ ಹಿಡಿಯಬೇಕು. ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈಯಲ್ಲಿ. ಇವುಗಳಲ್ಲಿ ಒಂದು ತಪ್ಪಿದರೂ ಊರಿನ ಹಿರಿಯ ಓದುಗರು ಅಲ್ಲಿಗೇ ಪುಸ್ತಕ ಮಡಚಿಡುತ್ತಾರೆ. ಅವರ ಮೇಲೆ ಸಿಟ್ಟಾಗುವುದು ತಪ್ಪು. ಆ ದಿನಗಳನ್ನು ಅವರು ಬದುಕಿದ್ದಾರೆ.

ಕಾಗದದ ಭಾಷೆ

ಗಡಿಯಿಂದ ಬರುವ ಕಾಗದಕ್ಕೆ ಊರಿನ ವಿಳಾಸ ಇರುವುದಿಲ್ಲ. ಹೆಸರು, ನಂಬರು, ಘಟಕ, ಕೊನೆಗೆ 56 ಎಪಿಒ ಅಥವಾ 99 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಮಗ ಮಂಜಿನಲ್ಲಿದ್ದಾನೋ ಮರಳಿನಲ್ಲಿದ್ದಾನೋ ತಾಯಿಗೆ ತಿಳಿಯುವ ದಾರಿಯಿಲ್ಲ. ಕಥೆಗಾರರು ಬಳಸಿಕೊಳ್ಳಬಹುದಾದ ಇನ್ನೊಂದು ಸತ್ಯ ನಮ್ಮ ಕಡೆಯದೇ ಆದದ್ದು. ತುಳು ಮನೆಯಲ್ಲಿ ಜಗಳ ತುಳುವಿನಲ್ಲಿ, ಮುದ್ದು ತುಳುವಿನಲ್ಲಿ, ಕಾಗದ ಮಾತ್ರ ಕನ್ನಡದಲ್ಲಿ. ಅದೂ ಶಾಲೆಯಲ್ಲಿ ಕಲಿಸಿದ ಕನ್ನಡ. ‘ಮಾತೃಶ್ರೀಯವರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ತಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರುವುದು.’ ಮನೆಯಲ್ಲಿ ಅಮ್ಮನೊಡನೆ ಎಂದೂ ಆಡದ ಮಾತುಗಳಿವು. ಅಮ್ಮನಿಗೆ ಓದು ಬಾರದಿದ್ದರೆ ಪಕ್ಕದ ಮನೆಯ ಶಾಲೆಯ ಹುಡುಗ ಓದುತ್ತಾನೆ, ಓದುತ್ತ ಓದುತ್ತ ತುಳುವಿಗೆ ತಿರುಗಿಸುತ್ತಾನೆ. ಮಗನ ಭಯ ಎರಡು ಭಾಷೆಗಳ ನಡುವೆ, ಒಬ್ಬ ಹತ್ತು ವರ್ಷದ ಹುಡುಗನ ಬಾಯಲ್ಲಿ ಸೋರಿಹೋಗುತ್ತದೆ. ಹೆಂಡತಿಗೆ ಬರೆಯಬೇಕಾದ್ದನ್ನು ಇಡೀ ಚಾವಡಿ ಕೇಳುತ್ತದೆಂದು ಅವನಿಗೆ ಗೊತ್ತು. ಹಾಗಾಗಿ ಬರೆಯುವುದೇ ಇಲ್ಲ. ಹಾಗಿದ್ದೂ ಎಷ್ಟೋ ಕಥೆಗಳಲ್ಲಿ ಸೈನಿಕ ತನ್ನ ಕೊನೆಯ ಕಾಗದದಲ್ಲಿ ಮನಸ್ಸಿನದೆಲ್ಲವನ್ನೂ ನಾಲ್ಕು ಪುಟ ಬಿಚ್ಚಿಡುತ್ತಾನೆ. ಅದಕ್ಕಿಂತ, ‘ಕೆಂಪು ಹಸು ಕರು ಹಾಕಿತೇ’ ಎಂದು ಕೇಳಿ ಮುಗಿಸಿದ ಕಾಗದ ಹೆಚ್ಚು ಭಾರವಾಗಿರುತ್ತದೆ. ಕಾಗದ ಮುಟ್ಟುವ ಮೊದಲೇ ಸಾವಿನ ಸುದ್ದಿ ಬಂದಿದ್ದರಂತೂ ಆ ಪ್ರಶ್ನೆಗೆ ಯಾರು ಉತ್ತರಿಸಬೇಕು?

ಸಿಪಾಯಿ ಇಲ್ಲದ ಯುದ್ಧ

ಕರಾವಳಿಯ ಸಾವಿರಾರು ಮನೆಗಳನ್ನು ನೇರವಾಗಿ ಅಲ್ಲಾಡಿಸಿದ ಒಂದು ಯುದ್ಧದಲ್ಲಿ ನಮ್ಮವರು ಕೋವಿ ಹಿಡಿದಿರಲಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಇಲ್ಲಿ ತುಳುವರ ಆಟಿ ತಿಂಗಳು, ಧೋ ಎಂದು ಮಳೆ. ಗಲ್ಫ್ ಹಣದಲ್ಲಿ ಕಟ್ಟುತ್ತಿದ್ದ ಮನೆಯ ಕೆಂಪುಕಲ್ಲಿನ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ, ತಾರಸಿ ಬಿದ್ದಿಲ್ಲ. ಮುಂದಿನ ತಿಂಗಳ ಡ್ರಾಫ್ಟ್ ಬರುವುದಿಲ್ಲ. ಹೆಂಡತಿ ತೆಂಗಿನ ಮಡಲು ಹೊದಿಸಿ ಗೋಡೆಯ ನೆತ್ತಿಯನ್ನು ಕಾಯುತ್ತಾಳೆ. ಅತ್ತ ಅವನು ಬಾಗ್ದಾದಿನ ದಾರಿಯಲ್ಲಿ ಜೋರ್ಡಾನಿನ ಅಮ್ಮಾನ್ ತಲುಪಿ ಸರದಿಗೆ ಕಾಯುತ್ತಿದ್ದಾನೆ. ಆಗಸ್ಟ್ ನಡುವಿನಿಂದ ಅಕ್ಟೋಬರಿನವರೆಗೆ ಏರ್ ಇಂಡಿಯಾ ವಿಮಾನಗಳು ಲಕ್ಷಕ್ಕೂ ಮಿಕ್ಕಿ ಭಾರತೀಯರನ್ನು ಕರೆತಂದವು.

ಇದನ್ನು ಬರೆಯುವಾಗ ಮರುಭೂಮಿಯ ಪ್ರಯಾಣವನ್ನೇ ಹಿಗ್ಗಿಸುವ ಆಸೆ ಸಹಜ. ಕಥೆಯ ತಿರುಳು ಇರುವುದು ಅವನು ಮುಂಬಯಿಯಿಂದ ಬಸ್ಸಿನಲ್ಲಿ ಬಂದು, ಒಂದು ಚೀಲದೊಂದಿಗೆ ಅಂಗಳದಲ್ಲಿ ನಿಂತ ಮೇಲೆ. ಎರಡು ವರ್ಷಕ್ಕೊಮ್ಮೆ ಕೆಲವು ವಾರದ ಮಟ್ಟಿಗೆ ಬರುತ್ತಿದ್ದಾಗ ಅವನು ಮನೆಯ ಮುಖ್ಯ ಅತಿಥಿ. ಈಗ ಹೊರಡುವ ದಿನವೇ ಇಲ್ಲ. ಎಂಟು ವರ್ಷ ಮೇಸ್ತ್ರಿಯೊಂದಿಗೆ, ಬ್ಯಾಂಕಿನೊಂದಿಗೆ, ಮಕ್ಕಳ ಶಾಲೆಯೊಂದಿಗೆ ವ್ಯವಹರಿಸಿದವಳು ಅವಳು. ಮೂರನೇ ವಾರ ಅವನು ಲೆಕ್ಕದ ಪುಸ್ತಕ ಕೇಳುತ್ತಾನೆ. ಅವಳು ತಂದು ಮುಂದಿಡುತ್ತಾಳೆ, ಪಕ್ಕದಲ್ಲಿ ಕೂರುವುದಿಲ್ಲ. ಅವನ ತಾಯಿಗೆ ಕಳಿಸಿದ್ದೆಷ್ಟು, ಅವಳ ತಮ್ಮನಿಗೆ ಕೊಟ್ಟದ್ದೆಷ್ಟು ಎಂದು ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತದೆ. 1991ರ ಫೆಬ್ರವರಿ ಕೊನೆಗೆ ಕುವೈತ್ ಬಿಡುಗಡೆಯಾಗುತ್ತದೆ. ಮತ್ತೆ ಹೋಗುವುದೋ ಇಲ್ಲೇ ಇರುವುದೋ? ತಾರಸಿಗೆ ದುಡ್ಡು ಬೇಕು, ಅವನಿಗೆ ಭಯವಿದೆ. ಅವಳಿಗೂ ಒಂದು ಮಾತಿದೆ, ಹೇಳಿಕೊಳ್ಳಲಾಗದ್ದು: ಹೋದರೆ ಮನೆ ಮತ್ತೆ ಮೊದಲಿನಂತಾಗುತ್ತದೆ.

ಸಾವು ಬಂದ ಮೇಲೆ

ಬಹಳ ಕಥೆಗಳು ತ್ರಿವರ್ಣ ಹೊದ್ದ ಪೆಟ್ಟಿಗೆ ಅಂಗಳಕ್ಕೆ ಬಂದಲ್ಲಿಗೆ ನಿಲ್ಲುತ್ತವೆ. ಅದು ಮುಗಿಸುವ ಜಾಗವೂ ಅಲ್ಲ, ಎಲ್ಲ ಕಾಲಕ್ಕೂ ಹೊಂದುವ ದೃಶ್ಯವೂ ಅಲ್ಲ. 1999ರ ಕಾರ್ಗಿಲ್‌ಗಿಂತ ಮೊದಲಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ಶವಸಂಸ್ಕಾರ ರಣಭೂಮಿಯ ಹತ್ತಿರವೇ ಆಗುತ್ತಿತ್ತು. ಮನೆಗೆ ಸುದ್ದಿ ಬರುತ್ತಿತ್ತು, ಆಮೇಲೆ ಸಾಮಾನು. ಮುಖ ನೋಡದ ಮನೆಯಲ್ಲಿ ಸಾವು ಪೂರ್ತಿ ನಂಬಿಕೆಗೆ ಇಳಿಯುವುದಿಲ್ಲ. ಅಪ್ಪ ಬೊಜ್ಜ ಮಾಡಬೇಕೆಂದರೆ ಅಮ್ಮ ಬೇಡವೆನ್ನಬಹುದು. ಕಾಣೆಯಾದವನ ಮನೆಯ ಸ್ಥಿತಿ ಇನ್ನೂ ಕಠಿಣ. 1971ರ ಯುದ್ಧದಲ್ಲಿ ಕಾಣೆಯಾದ 54 ಮಂದಿಯ ಹೆಸರು ಇಂದಿಗೂ ಲೆಕ್ಕ ಮುಗಿಯದೆ ನಿಂತಿದೆ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂದು ಸಾಕ್ಷ್ಯ ಕಾಯ್ದೆಯ 108ನೇ ಕಲಂ ಹೇಳುತ್ತಿತ್ತು. ಏಳನೇ ವರ್ಷ ಆ ಅರ್ಜಿಗೆ ಸಹಿ ಹಾಕುವವರು ಯಾರು? ಸಹಿ ಹಾಕಿದ ಹೆಂಡತಿಯನ್ನು ತಾಯಿ ಹೇಗೆ ನೋಡಿಯಾಳು?

ಮದುವೆಯಾಗದೆ ಸತ್ತವನಾದರೆ ತುಳುನಾಡಿನಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುವ ಪದ್ಧತಿ ಇದೆ, ಅವರಿಗೆ ಮದುವೆ ಮಾಡಿಸುವ ಕುಲೆ ಮದಿಮೆಯೂ ಇದೆ. ಹಾಗೆಯೇ ಮದುವೆಯಿಲ್ಲದೆ ತೀರಿಕೊಂಡ ಒಬ್ಬ ಹುಡುಗಿಯನ್ನು ಅದೇ ಜಾತಿಯಲ್ಲಿ, ಬೇರೆ ಬರಿಯಲ್ಲಿ (ಕುಲದಲ್ಲಿ) ಹುಡುಕಿ, ಸೀರೆ ರವಿಕೆ ಬಳೆ ಒಂದು ಕಡೆ, ಪಂಚೆ ಶಲ್ಯ ಇನ್ನೊಂದು ಕಡೆ ಇಟ್ಟು ಇಬ್ಬರಿಗೂ ಮದುವೆ ಮಾಡುತ್ತಾರೆ. ಎಲೆ ಹಾಕಿ ಬಡಿಸುತ್ತಾರೆ, ಎರಡು ಮನೆಗಳು ನಿಜಕ್ಕೂ ಬೀಗರಾಗುತ್ತವೆ. ಕಾರ್ಗಿಲ್ ಯುದ್ಧ ಮುಗಿದ ಜುಲೈ 26 ಬೀಳುವುದೂ ಆಟಿಯಲ್ಲೇ. ಇಪ್ಪತ್ತೆರಡರ ಮಗನನ್ನು ಊರು ವೀರನೆಂದು ಮೆರವಣಿಗೆ ಮಾಡಿದೆ, ವೃತ್ತಕ್ಕೆ ಅವನ ಹೆಸರಿಡುವ ಮಾತಿದೆ. ಅಮ್ಮನಿಗೆ ಮಾತ್ರ ಅವನು ಮದುವೆಯಿಲ್ಲದೆ ಅಲೆಯುತ್ತಿರುವ ಮಗ. ಅವನ ಜೊತೆ ಮಾತು ಆದಂತಿದ್ದ, ಈಗ ಜೀವಂತ ಇರುವ ಹುಡುಗಿ ಆ ಮದುವೆಯೂಟಕ್ಕೆ ಬರಬೇಕೇ? ಇದು ನಮ್ಮ ನೆಲದಲ್ಲಿ ಮಾತ್ರ ಹುಟ್ಟಬಲ್ಲ ಕಥೆ. ಯಾರಾದರೂ ಗಂಭೀರವಾಗಿ ಬರೆಯಬೇಕು.

ಹಣದ ನಿಯಮಗಳೂ ಬದುಕಿನ ಆಯ್ಕೆಯನ್ನು ತಿರುಗಿಸುತ್ತವೆ, ಕಥೆಗಾರರು ಇವನ್ನು ಓದಿಕೊಳ್ಳುವುದು ಒಳ್ಳೆಯದು. ಶೌರ್ಯಪದಕ ಪಡೆದವನ ವಿಧವೆ ಮರುಮದುವೆಯಾದರೆ, ವರ ಸತ್ತ ಗಂಡನ ಸಹೋದರನಾಗಿದ್ದರೆ ಮಾತ್ರ ಪದಕದ ಭತ್ಯೆ ಮುಂದುವರಿಯುತ್ತದೆ ಎಂಬ ಷರತ್ತು 2017ರ ನವೆಂಬರಿನವರೆಗೂ ಇತ್ತು. ಒಂದು ಸಾಲಿನ ನಿಯಮ ಎಷ್ಟು ಮನೆಗಳ ಊಟದ ಮಣೆಗಳ ನಡುವೆ ಕುಳಿತಿತ್ತೆಂದು ಯೋಚಿಸಿ. ಭೂಸುಧಾರಣೆಯದೂ ಹಾಗೆಯೇ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಗೇಣಿ ಜಮೀನು ಸರ್ಕಾರದ ಮೂಲಕ ಒಕ್ಕಲಿಗೆ ಹೋಗುವಾಗ, ಸೈನಿಕ ಮತ್ತು ನಾವಿಕ ತಾನು ಗೇಣಿಗೆ ಕೊಟ್ಟ ಜಮೀನನ್ನು ಮಿತಿಯೊಳಗೆ ಮರಳಿ ಪಡೆಯಲು ಅವಕಾಶವಿತ್ತು. ಧಣಿಯ ಮನೆಯಿಂದ ಗಡಿಗೆ ಒಂದು ಕಾಗದ ಹೋಗುತ್ತದೆ: ಜಮೀನು ನಿನ್ನ ಹೆಸರಲ್ಲಿ ಕೊಟ್ಟದ್ದೆಂದು ಹೇಳು, ಉಳಿಯುತ್ತದೆ. ಆ ಕಾಗದ ಓದುವ ಸಿಪಾಯಿಯ ಪಕ್ಕದ ಮಂಚದಲ್ಲಿ ಅದೇ ಒಕ್ಕಲಿನ ಮಗ ಮಲಗಿದ್ದರೆ?

ಕಟಪಾಡಿಯ ಆ ಮನೆಗೆ ಮರಳಿದರೆ, ಮದುವೆ ನಿಗದಿಯಾದ ದಿನವೇ ನಡೆದಿದೆ. ತಂಗಿ ಗಂಡನ ಮನೆಯಲ್ಲಿದ್ದಾಳೆ. ಸುದ್ದಿ ಬಂದು, ಬೊಜ್ಜ ಕಳೆದು, ಕೆಲವು ತಿಂಗಳ ಮೇಲೆ ಕಪ್ಪು ಬಣ್ಣದ ಟ್ರಂಕು ಬರುತ್ತದೆ, ಮೇಲೆ ಬಿಳಿ ಅಕ್ಷರದಲ್ಲಿ ಹೆಸರು ಮತ್ತು ನಂಬರು. ಸತ್ತ ಸೈನಿಕನ ಖಾಸಗಿ ಸ್ವತ್ತನ್ನು ಸಮಿತಿಯೊಂದು ಎಣಿಸಿ, ಬಾಕಿ ತೀರಿಸಿ, ಉಳಿದದ್ದನ್ನು ವಾರಸುದಾರರಿಗೆ ಕಳಿಸಬೇಕೆಂದು 1950ರ ಕಾಯ್ದೆಯೊಂದಿದೆ. ಹಾಗಾಗಿ ಟ್ರಂಕಿನ ಜೊತೆ ಟೈಪು ಮಾಡಿದ ಒಂದು ಪಟ್ಟಿ ಇರುತ್ತದೆ, ಇಂಗ್ಲಿಷಿನಲ್ಲಿ. ಮೇಷ್ಟ್ರನ್ನು ಕರೆಸುತ್ತಾರೆ. ಅವರು ಕನ್ನಡಕ ಸರಿಪಡಿಸಿಕೊಂಡು ಒಂದೊಂದಾಗಿ ಓದುತ್ತಾರೆ, ಮಾವ ಟ್ರಂಕಿನಿಂದ ಒಂದೊಂದಾಗಿ ತೆಗೆದು ಚಾಪೆಯ ಮೇಲಿಡುತ್ತಾರೆ. ಉಣ್ಣೆಯ ಬನಿಯನು 2. ಕ್ಷೌರದ ಸಾಮಾನು 1. ಫೋಟೊ 3. ಟೆಲಿಗ್ರಾಂ 1, ಡಿಸೆಂಬರ್ 4ರದು.

ಅದು ಮನೆಗೆ ಬಂದ ಕಾಗದವೇ, ಅವನು ಜೇಬಿನಲ್ಲಿ ಹಾಕಿಕೊಂಡು ಹೋದದ್ದು. ಮಾವ ಅದನ್ನು ಬಿಡಿಸಿದಾಗ ಮಡಿಕೆಯೊಳಗಿಂದ ಬೈಹುಲ್ಲಿನ ಒಂದು ಎಸಳು ಚಾಪೆಗೆ ಬೀಳುತ್ತದೆ. ಬಾಣಂತನಕ್ಕೆಂದು ತಾಯಿಮನೆಗೆ ಬಂದ ತಂಗಿ ಬಾಗಿಲ ಪಕ್ಕದಲ್ಲಿ ನಿಂತಿದ್ದಾಳೆ. ಅಣ್ಣನಿಗೆ ಗೊತ್ತಿತ್ತೇ ಎಂದು ಅವಳು ಯಾರನ್ನು ಕೇಳಬೇಕು? ಮೇಷ್ಟ್ರು ಪಟ್ಟಿಯ ಮುಂದಿನ ಸಾಲಿಗೆ ಹೋಗುತ್ತಾರೆ: ಸೀರೆ 1, ಹೊಸತು.